ಹಾರರ್ ಅಷ್ಟಾಗಿ ನೋಡದವರಿಗೆ ಸಿನಿಮಾ ಆರಿಸಿಕೊಡುವುದು: ನನ್ನ ಅನುಭವ

"ಒಂದು ಒಳ್ಳೆ ಹಾರರ್ ಇದ್ರೆ ಹೇಳಿ" ಅಂದವರಿಗೆ ನಾನು ತಕ್ಷಣ ಹೆಸರು ಹೇಳುವುದಿಲ್ಲ. ಮೊದಲು ಎರಡು ವಿಷಯ ಕೇಳುತ್ತೇನೆ. ರಕ್ತ ನೋಡೋಕಾಗುತ್ತಾ? ಇದ್ದಕ್ಕಿದ್ದಂತೆ ಸದ್ದು ಮಾಡಿ ಬೆಚ್ಚಿಬೀಳಿಸಿದರೆ ಮಜಾನಾ, ಕಿರಿಕಿರಿನಾ? ತುಂಬಾ ಭಯ, ಸ್ವಲ್ಪ ಭಯ ಎಂಬ ಅಳತೆಯಿಂದ ಏನೂ ಗೊತ್ತಾಗುವುದಿಲ್ಲ. ರಕ್ತ ಕಂಡರೆ ಮುಖ ತಿರುಗಿಸುವವರು ದೆವ್ವದ ಕಥೆಗೆ ಅಲ್ಲಾಡದೆ ಕೂತಿರುತ್ತಾರೆ.

ಎರಡೂ ಬೇಡ ಅಂದವರಿಗೆ 'ದಿ ಅದರ್ಸ್' (2001). ಎರಡನೇ ಮಹಾಯುದ್ಧ ಮುಗಿದ ಹೊತ್ತು, ಜೆರ್ಸಿ ದ್ವೀಪದ ಒಂಟಿ ಬಂಗಲೆ. ಮಕ್ಕಳಿಬ್ಬರಿಗೂ ಬಿಸಿಲು ತಾಗಬಾರದ ಕಾಯಿಲೆ. ಹಾಗಾಗಿ ಒಂದು ಬಾಗಿಲಿಗೆ ಬೀಗ ಹಾಕದೆ ಇನ್ನೊಂದನ್ನು ತೆಗೆಯಬಾರದು ಎಂದು ತಾಯಿ ಕೆಲಸದವರಿಗೆ ಮೊದಲ ದಿನವೇ ಹೇಳಿಬಿಡುತ್ತಾಳೆ. ಈ ನಿಯಮ ನಮ್ಮ ತಲೆಗೆ ಹೋದಮೇಲೆ ಯಾವುದೋ ಬಾಗಿಲು ತೆರೆದಿದ್ದರೇ ಸಾಕು, ಎದೆ ಢವಗುಟ್ಟುತ್ತದೆ. ಇದರ ಬಗ್ಗೆ ಮೊದಲೇ ಏನನ್ನೂ ಓದಬೇಡಿ. ಯೂಟ್ಯೂಬ್‌ನ ಥಂಬ್‌ನೇಲ್‌ಗಳೇ ಕೊನೆಯನ್ನು ಬಿಟ್ಟುಕೊಡುತ್ತವೆ.

ಬೆಚ್ಚಿಬೀಳುವುದು ಇಷ್ಟ, ರಕ್ತ ಬೇಡ ಅನ್ನುವವರಿಗೆ 'ದಿ ಕಾಂಜ್ಯೂರಿಂಗ್' (2013). ರಕ್ತಪಾತ ಕಡಿಮೆಯಿದ್ದೂ ಅಮೆರಿಕದಲ್ಲಿ ಇದಕ್ಕೆ ಆರ್ ರೇಟಿಂಗ್ (17 ವರ್ಷದೊಳಗಿನವರು ದೊಡ್ಡವರ ಜೊತೆಗೇ ನೋಡಬೇಕು) ಸಿಕ್ಕಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಚಪ್ಪಾಳೆ ಸದ್ದು ಹಿಡಿದು ಮಕ್ಕಳನ್ನು ಹುಡುಕುವ ಆಟ ಅದರಲ್ಲಿದೆ. ತಾಯಿ ತಡಕಾಡುತ್ತಾ ಕೋಣೆಗೆ ಬರುತ್ತಾಳೆ, ಬಟ್ಟೆಯ ಕಪಾಟಿನೊಳಗಿಂದ ಎರಡು ಕೈ ಹೊರಬಂದು ಚಪ್ಪಾಳೆ ತಟ್ಟುತ್ತವೆ. ಅವಳು ನಗುತ್ತಲೇ ಅತ್ತ ನಡೆಯುತ್ತಾಳೆ. ಇಷ್ಟು ಸಣ್ಣದರಿಂದ ಇಷ್ಟು ಭಯ ಹುಟ್ಟಿಸುವುದು ಸುಲಭದ ಕೆಲಸವಲ್ಲ. ಇದೇ ಸರಣಿಯ ಉಳಿದವುಗಳಿಗೆ ಆತುರವೇನಿಲ್ಲ.

ಭೂತ ಅಂದರೇ ಬೇಡ ಅನ್ನುವವರಿಗೆ ಕೊರಿಯಾದ 'ಟ್ರೇನ್ ಟು ಬುಸಾನ್' (2016) ಕೊಡಿ. ಜೋಂಬಿ ಕಥೆಯಾದರೂ ಓಟ ಆ್ಯಕ್ಷನ್ ಸಿನಿಮಾದ್ದು, ಒಳಗೆ ಅಪ್ಪ ಮಗಳ ಕಥೆ. ಎಲ್ಲರೂ ಕೂತು ನೋಡಬಹುದು, ಚಿಕ್ಕ ಮಕ್ಕಳನ್ನು ಬಿಟ್ಟು. ಬೆಂಗಳೂರಿನವರಿಗಾದರೆ 'ಯು ಟರ್ನ್' (2016): ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸುವವರ ಸುತ್ತ ಹೆಣೆದ ಕಥೆ. ಅರ್ಧ ಸಿನಿಮಾ ಪೊಲೀಸ್ ತನಿಖೆಯಂತೆಯೇ ಸಾಗುವುದರಿಂದ ಹಾರರ್ ಬೇಡ ಅಂದವರೂ ಕೊನೆತನಕ ಕೂರುತ್ತಾರೆ.

'ಆಪ್ತಮಿತ್ರ' (2004) ಇಷ್ಟಪಟ್ಟವರು ಅದರ ಮೂಲವಾದ ಮಲಯಾಳಂನ 'ಮಣಿಚಿತ್ರತ್ತಾಳ್' (1993) ನೋಡಲೇಬೇಕು. ಕನ್ನಡದಲ್ಲಿದ್ದ ಆ ದೊಡ್ಡ ಹಾವು ಅದರಲ್ಲಿಲ್ಲ, ಇಲ್ಲದಿರುವುದೇ ವಾಸಿ. ಹಾಸ್ಯದ ನಡುವೆಯೇ ಶೋಭನಾ ಅವರ ಕಣ್ಣು ಬದಲಾಗುವ ಗಳಿಗೆ ಬಂದಾಗ ಗ್ರಾಫಿಕ್ಸ್ ಯಾಕೆ ಬೇಕಿತ್ತು ಅನ್ನಿಸುತ್ತದೆ. ಮಲಯಾಳಂನಲ್ಲೇ 'ಭೂತಕಾಲಂ' (2022) ಇದೆ. ಬಾಡಿಗೆ ಮನೆ, ತಾಯಿ, ಮಗ, ಅಷ್ಟೇ. ಬಹುಪಾಲು ಏನೂ ಕಣ್ಣಿಗೆ ಬೀಳುವುದಿಲ್ಲ. ಮೊದಲ ಅರ್ಧಕ್ಕೇ ಬೇಜಾರಾಗಿ ಎದ್ದುಬಿಡುವವರಿಗೆ ಇದು ಬೇಡ. ಹಿಂದಿಯ 'ತುಂಬಾಡ್' (2018) ಮಳೆ, ಕೆಸರು, ದುರಾಸೆಯ ಕಥೆ. ಭಯಕ್ಕಿಂತ ಅದರ ಲೋಕಕ್ಕಾಗಿ ನೋಡಬೇಕು, ಸಾಧ್ಯವಿದ್ದಷ್ಟು ದೊಡ್ಡ ಪರದೆಯಲ್ಲಿ.

ಹೆಸರು ಸರಿಯಿದ್ದೂ ಸಿನಿಮಾ ಕೆಡುವುದು ಬಹುತೇಕ ಟಿವಿಯಿಂದ. ಮಾತು ಪಿಸುಗುಟ್ಟಿದಂತೆ ಕೇಳುತ್ತದೆ, ವಾಲ್ಯೂಮ್ ಏರಿಸುತ್ತೀರಿ, ಮರುಕ್ಷಣ ಕಿರುಚಾಟ ಕಿವಿಗೆ ಬಡಿಯುತ್ತದೆ, ಇಳಿಸುತ್ತೀರಿ. ರಿಮೋಟ್ ಕೈಯಲ್ಲಿ ಹಿಡಿದು ಕೂತವರಿಗೆ ಭಯ ಎಲ್ಲಿಂದ ಬರಬೇಕು? 5.1 ಆಡಿಯೊದಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆಂದು ಹಂಚಿದ ಸದ್ದು) ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನದು. ಟಿವಿಗಿರುವುದು ಎರಡೇ ಸ್ಪೀಕರಾದರೆ ಆ ಮಾತು ಉಳಿದ ಸದ್ದಿನಡಿ ಹೂತುಹೋಗುತ್ತದೆ. ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ 5.1 ಇಲ್ಲದ ಟ್ರ್ಯಾಕ್ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಅಥವಾ ಮಾತನ್ನು ಎತ್ತಿಕೊಡುವ ಆಯ್ಕೆ ಹುಡುಕಿ. ಒಬ್ಬರೇ ನೋಡುವುದಾದರೆ ಸಾಧಾರಣ ಹೆಡ್‌ಫೋನೇ ಸಾಕು.

ಚಿತ್ರಕ್ಕೆ ಮೂವಿ ಮೋಡ್ ಹಾಕಿ, ಚಲನೆಯನ್ನು ಅತಿಯಾಗಿ ನಯಗೊಳಿಸುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಇಲ್ಲದಿದ್ದರೆ ಎಲ್ಲವೂ ಧಾರಾವಾಹಿಯ ಹಾಗೆ ಕಾಣುತ್ತದೆ. ಕೋಣೆ ಕತ್ತಲಾದಾಗ ಪರದೆಯನ್ನೂ ಮಂಕಾಗಿಸುವ ಎನರ್ಜಿ ಸೇವಿಂಗ್ ಸಹ ಆಫ್ ಇರಲಿ. ಪರದೆಯಲ್ಲಿ ಪ್ರತಿಫಲಿಸುವ ದೀಪ ಆರಿಸಿ, ಟಿವಿಯ ಹಿಂದೆ ಒಂದು ಸಣ್ಣ ಬಲ್ಬ್ ಉರಿಯಲಿ. ಕಪ್ಪು ಭಾಗ ಚೌಕ ಚೌಕವಾಗಿ ಒಡೆದು ಕಂಡರೆ ದೋಷ ಟಿವಿಯದಲ್ಲದಿರಬಹುದು: ನೆಟ್ ನಿಧಾನವಾದಾಗ ಆ್ಯಪ್ ಗುಣಮಟ್ಟ ಇಳಿಸುತ್ತದೆ. ಫೋನ್ ಅಥವಾ ಟ್ಯಾಬ್‌ನಲ್ಲಿ ನೋಡುವುದಾದರೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಆ ತಲೆನೋವಿಲ್ಲ.

ಒಂದೂವರೆ ಗಂಟೆಯ 'ಎ ಕ್ವೈಟ್ ಪ್ಲೇಸ್' (2018) ಮೊದಲ ಸಲಕ್ಕೆ ಹೇಳಿ ಮಾಡಿಸಿದ್ದು. ಆದರೆ ಸದ್ದು ಮಾಡಿದರೆ ಸಾವು ಎಂಬ ಕಥೆ ಅದು, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ ಹಾಕಬೇಡಿ. 'ಹೆರೆಡಿಟರಿ' (2018) ಅದ್ಭುತ ಸಿನಿಮಾ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದವರಿಗೆ ಅದನ್ನು ಕೊಡುವುದಿಲ್ಲ, ಮೊದಲ ಹಾರರ್ ಆಗಿ ಯಾರಿಗೂ ಕೊಡುವುದಿಲ್ಲ.