ಮಸಾಲೆ ಬಿಯರ್ ಸವಿಯುವುದು ಹೇಗೆ? ಮೊದಲು ಮೂಗು, ಆಮೇಲೆ ನಾಲಿಗೆ

ಡಿಸೆಂಬರ್ ಬಂತೆಂದರೆ ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಜೋರು. ಬೆಂಗಳೂರಿನಲ್ಲಿರುವ ಗೆಳೆಯರು ಊರಿಗೆ ಬರುವಾಗ ಒಂದೋ ಎರಡೋ ಕ್ರಿಸ್ಮಸ್ ಬಿಯರ್ ಬಾಟಲಿ ಹಿಡಿದುಕೊಂಡು ಬರುತ್ತಾರೆ. ಚಕ್ಕೆ, ಲವಂಗ, ಜಾಯಿಕಾಯಿ, ಶುಂಠಿ, ಕಿತ್ತಳೆ ಸಿಪ್ಪೆ ಹಾಕಿ ಕುದಿಸಿದ ಬಿಯರ್ ಇದು. ಸ್ಯಾನ್ ಫ್ರಾನ್ಸಿಸ್ಕೊದ ಆಂಕರ್ ಕಂಪನಿ 1975ರಲ್ಲಿ ‘ಕ್ರಿಸ್ಮಸ್ ಏಲ್’ ಎಂಬ ಬಿಯರ್ ಶುರು ಮಾಡಿ, ವರ್ಷ ವರ್ಷ ಅದರ ಪಾಕವನ್ನೂ ಲೇಬಲ್ ಮೇಲಿನ ಮರವನ್ನೂ ಬದಲಿಸುತ್ತಿತ್ತು. ಇದನ್ನು ಸವಿಯುವ ವಿಷಯದಲ್ಲಿ ಮಲೆನಾಡಿನವರು ಹೊಸಬರೇನಲ್ಲ. ಕಷಾಯ ಕುಡಿದು ಬೆಳೆದ ಮೂಗು ನಮ್ಮದು. (21 ದಾಟದವರು ಇಲ್ಲಿಗೇ ನಿಲ್ಲಿಸಿ, ಕಷಾಯವೇ ಸಾಕು.)

ಮೊದಲು ಬಾಟಲಿಯನ್ನು ಫ್ರಿಜ್ಜಿನಿಂದ ಹೊರಗಿಡಿ. ಅರ್ಧ ಗಂಟೆ ಸುಮ್ನೆ ಬಿಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಮಂಜುಗಡ್ಡೆಯಂಥ ಬಿಯರಿನಲ್ಲಿ ಪರಿಮಳ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. 10ರಿಂದ 13 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ನಾನೊಮ್ಮೆ ಅವಸರಕ್ಕೆ ಫ್ರೀಜರಿನಲ್ಲಿಟ್ಟು ಕುಡಿದೆ. ಸಿಕ್ಕಿದ್ದು ಬರೀ ಕಹಿ.

ಲೋಟ ಬಾಯಿ ಕಿರಿದಾಗಿರಲಿ, ವೈನ್ ಗ್ಲಾಸ್ ಆದರೂ ನಡೆಯುತ್ತದೆ. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಎಣ್ಣೆ ಜಿಡ್ಡು, ಸೋಪು ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ, ಚೆನ್ನಾಗಿ ತೊಳೆಯಿರಿ. ಲೋಟ ಓರೆ ಮಾಡಿ ಸುರಿಯುತ್ತಾ ಬನ್ನಿ, ಕೊನೆಗೆ ನೆಟ್ಟಗೆ ಮಾಡಿ. ಎರಡು ಬೆರಳು ನೊರೆ ಬಂದರೆ ಸಾಕು.

ಈಗ ಅಡುಗೆಮನೆಯಿಂದ ಮಸಾಲೆ ಡಬ್ಬಿ ತನ್ನಿ. ತಮಾಷೆಯಲ್ಲ. ಅಂಗೈಯಿಂದ ಲೋಟ ಮುಚ್ಚಿ, ಒಂದು ಸುತ್ತು ತಿರುಗಿಸಿ, ಕೈ ತೆಗೆದು ಚಿಕ್ಕ ಚಿಕ್ಕದಾಗಿ ಮೂಸಿ. ಉದ್ದ ಉಸಿರೆಳೆದರೆ ಮೂಗು ಬೇಗ ದಣಿಯುತ್ತದೆ. ‘ಏನೋ ಮಸಾಲೆ’ ಎನಿಸುತ್ತದೆ, ಹೆಸರು ಹೊಳೆಯುವುದಿಲ್ಲ, ಅಲ್ವಾ? ಆಗ ಡಬ್ಬಿಯಿಂದ ಒಂದು ಲವಂಗ ಮೂಸಿ, ಮತ್ತೆ ಲೋಟಕ್ಕೆ ಬನ್ನಿ. ಆಮೇಲೆ ಚಕ್ಕೆ, ಆಮೇಲೆ ತುರಿದ ಜಾಯಿಕಾಯಿ. ಒಂದೊಂದೇ ಗುರುತು ಸಿಗುತ್ತದೆ.

ಇಲ್ಲೊಂದು ಮೋಸವಿದೆ. ಲವಂಗದ ವಾಸನೆ ಬಂದ ಮಾತ್ರಕ್ಕೆ ಲವಂಗ ಹಾಕಿದ್ದಾರೆ ಎನ್ನುವಂತಿಲ್ಲ. ಜರ್ಮನ್ ಗೋಧಿ ಬಿಯರಿಗೂ ಕೆಲವು ಬೆಲ್ಜಿಯನ್ ಬಿಯರಿಗೂ ಹಾಕುವ ಯೀಸ್ಟ್ ತಾನೇ ಅಂಥ ಪರಿಮಳ ಹುಟ್ಟಿಸುತ್ತದೆ. ಜೊತೆಗೆ ಬಾಳೆಹಣ್ಣಿನ ವಾಸನೆಯೂ ಬಂತೆಂದರೆ ಬಹುಮಟ್ಟಿಗೆ ಅದು ಯೀಸ್ಟಿನ ಕೆಲಸ. ಆಮೇಲೆ ಲೇಬಲ್ ಓದಿ ನೋಡಿ. ಮೊದಲೇ ಓದಿದರೆ ಇಲ್ಲದ್ದೂ ಮೂಗಿಗೆ ಬರುತ್ತದೆ.

ಗುಟುಕು ಸಣ್ಣದಿರಲಿ. ಬಾಯಿಯಲ್ಲಿ ಎರಡು ಕ್ಷಣ ಆಡಿಸಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಅಡಗಿದ್ದ ಕಿತ್ತಳೆ ಸಿಪ್ಪೆ, ಶುಂಠಿ ಆಗ ಮೇಲೆ ಬರುತ್ತವೆ. ಮೊದಲಿಗೆ ಹುರಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಿಹಿ ಸಿಗಬೇಕು, ಸ್ವಲ್ಪ ಜೋನಿಬೆಲ್ಲದ ನೆನಪು ತರುವಂಥದ್ದು. ಅದರ ಬೆನ್ನಿಗೆ ಮಸಾಲೆ. ಮಸಾಲೆಯೇ ಮುಂದೆ ನಿಂತು ನಾಲಿಗೆ ಜುಮ್ಮೆನ್ನಿಸಿದರೆ ಲವಂಗ ಜಾಸ್ತಿಯಾಗಿದೆ, ಒಗರು ಹಿಡಿದರೆ ಚಕ್ಕೆ ಜಾಸ್ತಿಯಾಗಿರಬಹುದು. ಇಂಥ ಬಿಯರನ್ನು ಹೊಗಳಬೇಕಿಲ್ಲ, ದುಬಾರಿಯಾಗಿದ್ದರೂ ಸರಿ.

ನಂಜಿಕೊಳ್ಳಲು ಮಿಡಿ ಉಪ್ಪಿನಕಾಯಿ ಬೇಡ, ಅದರೆದುರು ಯಾವ ಬಿಯರೂ ನಿಲ್ಲುವುದಿಲ್ಲ. ಕಡುಬು, ಕೋಳಿ ಸಾರು ಇದ್ದರೆ ಬಲು ಚಂದ. ಖಾರ ಕಡಿಮೆ ಮಾಡಿ, ಕಾಳುಮೆಣಸು ಮುಂದಿರಲಿ. ಸಿಹಿಗೆ ಸಾಗರ ಕಡೆಯ ತೊಡೆದೇವು ನನ್ನ ಆಯ್ಕೆ.

ಈ ಬಿಯರುಗಳಲ್ಲಿ ಮದ್ಯಾಂಶ ಹೆಚ್ಚು, ಕೆಲವು 8 ಶೇಕಡಾ ಇರುತ್ತವೆ. 330 ಮಿಲಿಯ ಅಂಥ ಬಾಟಲಿಯಲ್ಲಿ ಸುಮಾರು 26 ಮಿಲಿ ಶುದ್ಧ ಮದ್ಯ. 5 ಶೇಕಡಾದ ಬಿಯರಿನಲ್ಲಾದರೆ 16 ಚಿಲ್ಲರೆ. ಒಂದು ಬಾಟಲಿ ಇಬ್ಬರಿಗೆ ಹಂಚಿ. ಕುಡಿದ ಮೇಲೆ ಗಾಡಿ ಮುಟ್ಟಬೇಡಿ. ಆಗುಂಬೆ ಘಾಟಿಯ 14 ತಿರುವುಗಳು ಪೂರ್ತಿ ಎಚ್ಚರವಿರುವವರಿಗೇ ಕಷ್ಟ.

ಲೋಟದಲ್ಲಿ ಎರಡು ಗುಟುಕು ಉಳಿಸಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ಮತ್ತೆ ಮೂಸಿ. ಬಿಸಿಯೇರಿದಂತೆ ಜಾಯಿಕಾಯಿ ಎದ್ದು ಕಾಣುತ್ತದೆ. ನನಗೆ ಹಿಡಿಸುವ ಗುಟುಕು ಅದೇ.