ಇಂಗ್ಲಿಷಿನ 'ಗೆಟ್' ಬಳಸೋದು ಹೇಗೆ

ಗೆಟ್ ಅಂದ್ರೆ ಸಿಗೋದು, ಪಡೆಯೋದು ಅಂತ ಅಷ್ಟೇ ಕಲಿತು ಬಿಟ್ರೆ ಅರ್ಧ ಇಂಗ್ಲಿಷ್ ಅರ್ಥಾನೇ ಆಗಲ್ಲ, ಅದಕ್ಕೆ ಮೊದಲು ಅದರ ಮುಂದೆ ಯಾವ ಪದ ಬಂದಿದೆ ಅಂತ ನೋಡಿ. ವಸ್ತು ಬಂದ್ರೆ ಸಿಕ್ತು, ತಗೊಂಡೆ ಅಂತ: 'ಐ ಗಾಟ್ ಎ ಜಾಬ್'. ಗುಣ ಹೇಳೋ ಪದ ಬಂದ್ರೆ ನಮ್ಮ 'ಆಗು': 'ಇಟ್ಸ್ ಗೆಟಿಂಗ್ ಲೇಟ್', ಲೇಟ್ ಆಗ್ತಿದೆ. ಜಾಗ ಬಂದ್ರೆ ತಲುಪೋದು, 'ಗೆಟ್ ಟು ಮೈಸೂರು' ಸರಿ ಆದ್ರೆ ಹೋಮ್ ಜೊತೆ ಟು ಬೇಡ, 'ಗೆಟ್ ಹೋಮ್' ಅಷ್ಟೇ. 'ಐ ಗೆಟ್ ಇಟ್' ಅಂದ್ರೆ ಅರ್ಥ ಆಯ್ತು.

ನಮ್ಮವರು ಜಾಸ್ತಿ ಎಡವೋದು ಮದುವೆ ವಿಷಯದಲ್ಲಿ. ಕನ್ನಡದಲ್ಲಿ 'ಅವಳ ಜೊತೆ ಮದುವೆ ಆಯ್ತು' ಅಂತೀವಲ್ಲ, ಅದೇ ಗುಂಗಲ್ಲಿ 'ಗಾಟ್ ಮ್ಯಾರೀಡ್ ವಿತ್ ಹರ್' ಅಂದ್ಬಿಡ್ತಾರೆ, ಅಲ್ಲಿ 'ಟು ಹರ್' ಬರಬೇಕು, ಇದೊಂದು ದಯವಿಟ್ಟು ನೆನಪಿಟ್ಕೊಳ್ಳಿ. ಬೇರೆಯವರ ಕೈಲಿ ಕೆಲಸ ಮಾಡಿಸೋಕೂ ಗೆಟ್ ಬರುತ್ತೆ, 'ಗೆಟ್ ಹಿಮ್ ಟು ಕಾಲ್ ಮಿ', ಇಲ್ಲಿ ಟು ಬಿಡೋ ಹಾಗಿಲ್ಲ.

ಇಷ್ಟು ಬಳಕೆಯಲ್ಲಿರೋ ಪದ ಮೂಲತಃ ಇಂಗ್ಲಿಷಿನದ್ದೇ ಅಲ್ಲ ಅನ್ನೋದು ನಂಗೆ ತುಂಬಾ ಇಷ್ಟವಾದ ವಿಷಯ! ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದು ಇಂಗ್ಲೆಂಡಲ್ಲಿ ನೆಲೆಸಿದ ವೈಕಿಂಗರ ಹಳೇ ನಾರ್ಸ್ ಭಾಷೆಯ 'ಗೆಟಾ'ದಿಂದ ಬಂದಿದ್ದು, ಸುಮಾರು 1200ರ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸುತ್ತೆ. ಅದರ ಸಂಬಂಧಿ ಹಳೇ ಇಂಗ್ಲಿಷಲ್ಲೂ ಇತ್ತು, 'ಫರ್ಗೆಟ್' ಒಳಗಿರೋ ಗೆಟ್ ಅದೇ ಬಳ್ಳಿಯದ್ದು. ಅಮೆರಿಕದವರು 'ಹ್ಯಾವ್' ಜೊತೆ 'ಗಾಟ್' ಬದಲು 'ಗಾಟನ್' ಅನ್ನೋದೂ ತಪ್ಪಲ್ಲ, ಅದು ಅಲ್ಲಿ ಉಳಿದುಕೊಂಡಿರೋ ಹಳೇ ರೂಪ.