‘ನಾನು ನಿಮಿತ್ತ ಮಾತ್ರ’ ಅಂದ ವರ್ಷ ತೋಟಕ್ಕೆ ಕೊಳೆ ಬಂತು

ಮೇ ತಿಂಗಳು. ಶಾಲ್ಮಲಾ ಹೊಳೆಯಲ್ಲಿ ನೀರು ಇಳಿದು, ಸೋಂದೆ ಅರಸರ ಕಾಲದ ಲಿಂಗಗಳೆಲ್ಲ ಮೇಲೆ ಕಾಣುತ್ತಿದ್ದವು. ಸಹಸ್ರಲಿಂಗದ ಬಂಡೆ ಮೇಲೆ ಬೆಳಗಿನ ಜಾವ ಸುಮ್ನೆ ಕೂತಿದ್ದೆ. ಆರೇಳು ವರ್ಷದಿಂದ ಧ್ಯಾನ ಮಾಡುತ್ತಿದ್ದರೂ ಅವತ್ತಿನದು ಬೇರೆ. ನೀರಿನ ಸದ್ದಿತ್ತು, ಕೇಳುತ್ತಿರುವ ನಾನು ಇರಲಿಲ್ಲ. ಇದಕ್ಕಿಂತ ಜಾಸ್ತಿ ಹೇಳಲು ಬರುವುದಿಲ್ಲ.

ಆದರೆ ಶಿರಸಿ ಬಸ್ಸು ಹತ್ತುವಷ್ಟರಲ್ಲಿ ಇನ್ನೊಬ್ಬ ‘ನಾನು’ ಹುಟ್ಟಿದ್ದ. ಇವನು ಹಳಬನಿಗಿಂತ ಜೋರು. ಮದುವೆಮನೆ ಪಂಕ್ತಿಯಲ್ಲಿ ಅಡಿಕೆ ದರ ಮಾತಾಡುವವರನ್ನು ಕಂಡರೆ ‘ಪಾಪ, ಇವರಿಗೆ ಗೊತ್ತಿಲ್ಲ’ ಅನ್ನಿಸುತ್ತಿತ್ತು. ಹೆಂಡತಿ ಏನಾದರೂ ಕೇಳಿದರೆ ಮುಗುಳ್ನಗು. ಆ ನಗು ನೋಡಿದರೆ ಮೈ ಉರಿಯುತ್ತಿತ್ತು ಅಂತ ಈಗ ಹೇಳುತ್ತಾಳೆ.

ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗಕ್ಕೆ, ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ 40-45 ದಿನಕ್ಕೊಮ್ಮೆ ಬೋರ್ಡೋ ದ್ರಾವಣ ಹೊಡೆಯಲೇಬೇಕು. ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಇದೇನು ಗುಟ್ಟಲ್ಲ. ಆ ಜುಲೈಯಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾಯಿತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬೇರೆಯವರ ತೋಟ ಬಿಟ್ಟು ನಮ್ಮನೆಗೆ ಬಂದ. "ಹೆಗಡೇರೆ, ಔಷಧಿ ಕಲಸಿದ್ರಾ?" ಕಲಸಿರಲಿಲ್ಲ. ಧ್ಯಾನಕ್ಕೆ ಕೂತಿದ್ದೆ. "ಎಲ್ಲಾ ಅವನು ಮಾಡಿಸಿದ ಹಾಗೆ, ನಾವು ನಿಮಿತ್ತ" ಅಂದೆ. ಕೊನೆಗೌಡ ಮಾತಾಡದೆ ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ. ಆಮೇಲೆ ಹಿಡಿದ ಮಳೆ ಬಿಡಲಿಲ್ಲ. ಆಗಸ್ಟಿನಲ್ಲಿ ಮರದ ಬುಡದ ತುಂಬ ಕೊಳೆತ ಹಸಿರಡಿಕೆ.

ಅದನ್ನು ಹೆಕ್ಕಿ ಹೊರಗೆ ಸಾಗಿಸುವಾಗಲೂ ಬಾಯಲ್ಲಿ ‘ಅವನ ಇಚ್ಛೆ’ ಅಂತಲೇ ಬಂತು. ಆಗ ಹಿಂದಿನ ವರ್ಷದ್ದು ನೆನಪಾಯಿತು. ಬೆಳೆ ಚೆನ್ನಾಗಿ ಬಂದಾಗ ಎಲ್ಲರ ಹತ್ತಿರ "ನಾನು ಆರೈಕೆ ಮಾಡಿದ್ದು ಹಾಗಿತ್ತು" ಅಂದವನು ನಾನೇ ಅಲ್ವಾ? ಒಳ್ಳೆಯದಾದರೆ ನಾನು, ಕೆಟ್ಟರೆ ಅವನು. ಅಹಂಕಾರ ಎಲ್ಲಿಗೂ ಹೋಗಿರಲಿಲ್ಲ, ದೇವರ ಹಿಂದೆ ಅಡಗಿತ್ತು ಅಷ್ಟೇ.

ಕೊನೆಗೌಡನ ಮನೆಗೆ ಹೋಗಿ "ತಪ್ಪು ನನ್ನದು" ಅಂದು ಎರಡು ದಿನದ ಮಜೂರಿ ಕೊಟ್ಟೆ. ನಾಚಿಕೆಯಾಯಿತು, ನಿಜ. ಹೆಂಡತಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಆಮೇಲಿಂದ ಒಂದು ರೂಢಿ ಮಾಡಿಕೊಂಡೆ. ‘ನಿಮಿತ್ತ’ ಅನ್ನುವ ಮಾತನ್ನು ಯಾರಾದರೂ ಹೊಗಳಿದಾಗ ಮಾತ್ರ ಹೇಳುವುದು, ಕೆಲಸ ಕೆಟ್ಟಾಗ ಬಾಯಿಗೆ ಬಂದರೂ ನುಂಗುವುದು. ಒಮ್ಮೊಮ್ಮೆ ಈಗಲೂ ಜಾರುತ್ತದೆ.

ಬಂಡೆಯ ಮೇಲೆ ಆದದ್ದು ಸುಳ್ಳು ಅಂತ ನನಗೆ ಅನ್ನಿಸಿಲ್ಲ. ಮತ್ತೆ ಬಂದೂ ಇಲ್ಲ. ಈ ಜುಲೈಯಲ್ಲಿ ಕಣ್ಣು ಮುಚ್ಚಿ ಕೂತಾಗಲೇ ಕೊನೆಗೌಡನ ಫೋನ್ ಬಂತು, ಹೊಳವಾಗಿದೆ ಅಂತ. ಎದ್ದು ಹೋಗಿ ಸುಣ್ಣ ನೆನೆಹಾಕಿದೆ.